ಅಮ್ಮನ ಕೂಲಿ ಬಾಕಿ

‘ಪಾದ್ರಿಗಳ ಕಾಲೇಜಲ್ಲಿ ವ್ಯಾಪಾರ ಹೇಳ್ಕೊಡ್ತಾರೇನ್ಲಾ?’

ನಾನು ಮೈಸೂರಿನ ಸಂತ ಫಿಲೋಮಿನಾ ಕಾಲೇಜಿಗೆ ಬಿಬಿಎ ಸೇರಿದಾಗ ಅಜ್ಜಿ ಕೇಳಿದ್ದು ಇದನ್ನೇ. ಆಮೇಲೆ ತಾನೇ ಉತ್ತರ ಕೊಟ್ಟುಕೊಂಡಳು: ‘ಚುಂಚನಗಿರಿ ಮಠದೋರೂ ಕಾಲೇಜು ನಡೆಸ್ತಾರಲ್ಲ, ಬುಡು.’

ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. ಮನೆಯ ಹಿಂದೆ ಆಲೆಮನೆ. ಕಾಲೇಜು ಬನ್ನಿಮಂಟಪದಲ್ಲಿ, 1946ರಲ್ಲಿ ಶುರುವಾದದ್ದು. ಮೊದಲ ವಾರ ಪ್ರಾರ್ಥನೆಗೆ ಎದ್ದು ನಿಂತಾಗ ಕೈ ಮುಗಿಯಬೇಕೋ ಕಟ್ಟಬೇಕೋ ಗೊತ್ತಾಗದೆ ಪಕ್ಕದವನನ್ನು ನೋಡಿದೆ. ಅವನೂ ನನ್ನನ್ನೇ ನೋಡುತ್ತಿದ್ದ. ಅವನು ಕೆ.ಆರ್. ಪೇಟೆಯವನು. ಇವತ್ತಿಗೂ ಅವನೇ ನನ್ನ ದೋಸ್ತು.

ಡೆಬಿಟ್, ಕ್ರೆಡಿಟ್ ಮೊದಲು ತಲೆಗೆ ಹತ್ತಲೇ ಇಲ್ಲ. ಹತ್ತಿದ್ದು ಒಂದು ಕಥೆಯಿಂದ. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಈ ಜೋಡಿ ಲೆಕ್ಕವನ್ನು ಮೊದಲ ಬಾರಿಗೆ ವಿವರವಾಗಿ ಬರೆದು ಅಚ್ಚು ಹಾಕಿಸಿದವನು ಲೂಕಾ ಪಾಚೋಲಿ. 1494ರಲ್ಲಿ, ವೆನಿಸ್‌ನಲ್ಲಿ. ಅವನು ಫ್ರಾನ್ಸಿಸ್ಕನ್ ಸನ್ಯಾಸಿ! ಕಂಡುಹಿಡಿದವನು ಅವನಲ್ಲ, ಅಲ್ಲಿನ ವರ್ತಕರು ಮೊದಲೇ ಹಾಗೆ ಬರೆಯುತ್ತಿದ್ದರು. ಆಸ್ತಿಯೇ ಬೇಡ ಅಂದವನು ಊರವರ ಆಸ್ತಿಗೆ ಲೆಕ್ಕ ಕಲಿಸಿದ. ಅಜ್ಜಿಗೆ ಹೇಳಿದೆ. ‘ಬುದ್ಧಿವಂತ’ ಅಂದಳು, ಅಷ್ಟೇ.

ಎರಡನೇ ವರ್ಷ ಪ್ರಾಜೆಕ್ಟಿಗೆ ನಮ್ಮ ಆಲೆಮನೆಯನ್ನೇ ತೆಗೆದುಕೊಂಡೆ. ಅಪ್ಪನ ಹತ್ತಿರ ಒಂದು ಉದ್ದ ನೋಟ್‌ಬುಕ್ ಇದೆ. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಹತ್ತು ಟನ್ ಕಬ್ಬು ಅರೆದರೆ ಹೆಚ್ಚುಕಡಿಮೆ ಒಂದು ಟನ್ ಬೆಲ್ಲ. ಕರೆಂಟು, ಸುಣ್ಣ, ಆಳು, ಮಂಡಿಯ ಕಮಿಷನ್ನು ಎಲ್ಲ ಬರೆದೆ. ಉರುವಲು: ಸೊನ್ನೆ. ಹಿಂಡಿದ ಸಿಪ್ಪೆಯೇ ಉರುವಲು, ಅಲ್ವಾ? ಲೇಬಲ್ ಹಾಕಿ ಪ್ಯಾಕ್ ಮಾಡಿದ ಬೆಲ್ಲಕ್ಕೆ 2022ರ ಜುಲೈಯಿಂದ ಶೇ. 5 ಜಿಎಸ್‌ಟಿ, ಸುಮ್ನೆ ಬಿಡಿಯಾಗಿ ಮಾರಿದರೆ ಇಲ್ಲ ಅನ್ನುವುದನ್ನೂ ಸೇರಿಸಿದೆ. ಕೊನೆಯಲ್ಲಿ ಲಾಭ ಚೆನ್ನಾಗಿಯೇ ಕಂಡಿತು.

ಕಾಸ್ಟ್ ಅಕೌಂಟಿಂಗ್ ಹೇಳುವ ಫಾದರ್ ಕನ್ನಡಕ ಸರಿಮಾಡಿಕೊಂಡು ಕೇಳಿದರು. ‘ಸಿಪ್ಪೆ ಹರಡಿ ಒಣಗಿಸೋದು ಯಾರು?’

‘ಅಮ್ಮ, ಫಾದರ್.’

‘ಪಾಕ ನೋಡೋದು?’

‘ಅಪ್ಪ.’

‘ಅವರ ಕೂಲಿ ಯಾವ ಕಾಲಂನಲ್ಲಿದೆ?’

ಇರಲಿಲ್ಲ. ಅಪ್ಪನ ನೋಟ್‌ಬುಕ್ಕಿನಲ್ಲಿ ಎಂದೂ ಇರಲಿಲ್ಲ. ಪಾಕ ನೋಡುವುದು ಸಣ್ಣ ಕೆಲಸವಲ್ಲ. ಕೊಪ್ಪರಿಗೆ ಇಳಿಸುವುದು ಒಂದು ನಿಮಿಷ ತಡವಾದರೂ ಬೆಲ್ಲ ಕಪ್ಪಾಗುತ್ತದೆ, ಬೆಲೆ ಬಿದ್ದುಹೋಗುತ್ತದೆ. ಬೇರೆ ಆಲೆಮನೆಗಳಲ್ಲಿ ಆ ಕೆಲಸದವನಿಗೆ ಎಲ್ಲರಿಗಿಂತ ಜಾಸ್ತಿ ಕೂಲಿ.

ಶನಿವಾರ ಊರಿಗೆ ಹೋದವನೇ ಇಬ್ಬರ ಕೂಲಿಯನ್ನೂ ಹಾಕಿ ಮತ್ತೆ ಕೂಡಿದೆ. ಲಾಭ ಹೋಗಿ ನಷ್ಟ ಬಂತು. ಅಪ್ಪನಿಗೆ ತೋರಿಸಿದೆ.

‘ನಂಗೆ ನಾನೇ ಕೂಲಿ ಕೊಟ್ಕಬೇಕಾ? ಇದುನ್ನ ಕಲಿಯಕ್ಕೆ ಮೈಸೂರಿಗೆ ಹೋಗ್ಬೇಕಿತ್ತಾ?’ ಅಂತ ನಕ್ಕು, ಅಪ್ಪ ಗಾಣದ ಕಡೆ ಹೋದರು.

ಆಳುಗಳಿಗೆ ಮುದ್ದೆ ತಿರುವುತ್ತಿದ್ದ ಅಮ್ಮ ನಗಲಿಲ್ಲ. ‘ನಂದು ಎಷ್ಟು ಹಾಕಿದ್ದೀಯ ಮಗ?’ ಅಂದಳು. ಹೇಳಿದೆ.

‘ಅಡುಗೇದು?’

ಅದನ್ನು ಬರೆದೇ ಇರಲಿಲ್ಲ.

‘ಬರ್ಕೊ. ಈಗ ಕೊಡಕ್ಕಾಗಲ್ಲ ಅಂದ್ರೆ ಬಾಕಿ ಅಂತ ಬರ್ಕೊ.’

ಅಮ್ಮ ಓದಿದ್ದು ಏಳನೇ ಕ್ಲಾಸು. ಬಾಕಿ ಕೂಲಿ ಬ್ಯಾಲೆನ್ಸ್ ಶೀಟಿನಲ್ಲಿ ಸಾಲದ ಕಡೆ ಬರುತ್ತದೆ ಅಂತ ನನಗೆ ತಿಳಿಯಲು ಎರಡು ಸೆಮಿಸ್ಟರ್ ಹಿಡಿದಿತ್ತು. ಯಾವ ವರ್ಷದಿಂದ ಬರೆಯಲಿ ಅಂತ ಕೇಳಿದೆ.

‘ಮದುವೆ ಆದಾಗಿಂದ’ ಅಂದಳು, ಮುದ್ದೆ ಕಟ್ಟುತ್ತಾ.