ತಲೆಗಿಷ್ಟು, ರಾತ್ರಿಗಿಷ್ಟು: ಮಾಲ್ಡೀವ್ಸ್‌ನ ಹಸಿರು ತೆರಿಗೆ

ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಿಂದ ದಕ್ಷಿಣಕ್ಕೆ, ಸ್ಪೀಡ್‌ಬೋಟಿನಲ್ಲಿ ಅರ್ಧ ಮುಕ್ಕಾಲು ತಾಸಿನ ದಾರಿಯಲ್ಲಿರುವ ಮಾಫುಶಿ ದ್ವೀಪದ ಸಣ್ಣದೊಂದು ಗೆಸ್ಟ್‌ಹೌಸಿನಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕನ್ನಡದವರು ಬಂದಾಗ ಬಿಲ್ಲು ವಿವರಿಸುವ ಕೆಲಸವೂ ನನ್ನ ಪಾಲಿಗೇ ಬರುತ್ತದೆ. ಕಳೆದ ತಿಂಗಳು ದಾವಣಗೆರೆಯ ಕಡೆಯ ಒಂದು ಕುಟುಂಬ ಬಂದಿತ್ತು: ಗಂಡ, ಹೆಂಡತಿ, ವಯಸ್ಸಾದ ತಂದೆ ತಾಯಿ ಮತ್ತು ಒಂದೂವರೆ ವರ್ಷದ ಮಗು. ರಾತ್ರಿಗೆ 60 ಡಾಲರಿನ ಒಂದೇ ಕೋಣೆಯಲ್ಲಿ ಎರಡು ಹೆಚ್ಚಿನ ಹಾಸಿಗೆ ಹಾಕಿಸಿಕೊಂಡು ಮೂರು ರಾತ್ರಿ ಉಳಿದರು. ಹೊರಡುವ ದಿನ ಬಿಲ್ಲಿನಲ್ಲಿ 72 ಡಾಲರಿನ ಹಸಿರು ತೆರಿಗೆಯನ್ನು (ಕಸ, ಒಳಚರಂಡಿಯಂಥ ಪರಿಸರದ ಕೆಲಸಗಳಿಗೆಂದು ಪ್ರವಾಸಿಗರಿಂದ ಪಡೆಯುವ ತೆರಿಗೆ) ಕಂಡ ಹಿರಿಯರು, "ಕೋಣೆಗೆ ದುಡ್ಡು ಕೊಟ್ಟೀವಲ್ಲಪ್ಪಾ, ಮತ್ತೆ ತಲೆಗೊಂದು ಲೆಕ್ಕ ಯಾಕೆ?" ಎಂದು ಕೇಳಿದರು.

ಲೆಕ್ಕ ಸರಿಯಾಗಿಯೇ ಇತ್ತು. ಜನವಸತಿ ಇರುವ ದ್ವೀಪಗಳಲ್ಲಿ 50 ಅಥವಾ ಅದಕ್ಕಿಂತ ಕಡಿಮೆ ಕೋಣೆಗಳಿರುವ ಗೆಸ್ಟ್‌ಹೌಸು, ಹೋಟೆಲುಗಳಲ್ಲಿ ಉಳಿಯುವ ಪ್ರತಿ ವಿದೇಶಿ ಪ್ರವಾಸಿಯೂ ರಾತ್ರಿಗೆ 6 ಡಾಲರ್ ಕೊಡಬೇಕು. ರೆಸಾರ್ಟುಗಳಲ್ಲಿ ಅದು 12 ಡಾಲರ್. ಎರಡು ವರ್ಷ ತುಂಬದ ಮಕ್ಕಳಿಗೆ ವಿನಾಯಿತಿ ಇರುವುದರಿಂದ ಆ ಮಗುವನ್ನು ಬಿಟ್ಟು ನಾಲ್ವರಿಗೆ ಮೂರು ರಾತ್ರಿಯ ಲೆಕ್ಕ ಹಾಕಿದ್ದೆ. 2014ರ ನವೆಂಬರ್‌ವರೆಗೆ ಇಲ್ಲಿ ಹಾಸಿಗೆಗೆ ರಾತ್ರಿಗೆ 8 ಡಾಲರಿನ ತೆರಿಗೆ ಇತ್ತು. ಅದು ನಿಂತ ಮೇಲೆ, 2015ರ ನವೆಂಬರಿನಲ್ಲಿ ರೆಸಾರ್ಟುಗಳಿಗೆ 6 ಡಾಲರಿನ ಹಸಿರು ತೆರಿಗೆ ಬಂತು. ಮರುವರ್ಷ ಗೆಸ್ಟ್‌ಹೌಸುಗಳಿಗೂ 3 ಡಾಲರ್ ಎಂದಾಯಿತು. 2025ರ ಜನವರಿ 1ರಿಂದ ಎರಡೂ ದುಪ್ಪಟ್ಟಾಗಿವೆ.

ಈ ತೆರಿಗೆ ಬೇಕೇ ಎಂದು ಕೇಳಿದರೆ, ಬೇಕು ಎಂದೇ ಹೇಳುತ್ತೇನೆ. ನಮ್ಮ ದ್ವೀಪದಲ್ಲಿ ನದಿಯಿಲ್ಲ, ಕೆರೆಯಿಲ್ಲ. ನಮ್ಮ ನಲ್ಲಿಯಲ್ಲಿ ಬರುವ ನೀರು ಯಂತ್ರದಲ್ಲಿ ಉಪ್ಪು ತೆಗೆದ ಸಮುದ್ರದ ನೀರು. 2014ರ ಡಿಸೆಂಬರಿನಲ್ಲಿ ಮಾಲೆಯ ಅಂಥ ಸ್ಥಾವರಕ್ಕೆ ಬೆಂಕಿ ಬಿದ್ದಾಗ ಇಡೀ ರಾಜಧಾನಿಗೆ ಕುಡಿಯುವ ನೀರಿಲ್ಲದೆ, ಭಾರತದಿಂದ ವಿಮಾನದಲ್ಲೂ ಹಡಗಿನಲ್ಲೂ ನೀರು ತರಿಸಬೇಕಾಯಿತು. ಕಸವನ್ನು ಹೂಳಲು ನೆಲವೂ ಇಲ್ಲ. ಮಾಲೆಯ ಪಕ್ಕದ ತಿಲಫುಶಿಯ ಲಗೂನಿಗೆ (ಹವಳದ ದಿಬ್ಬದೊಳಗಿನ ಆಳವಿಲ್ಲದ ಸಮುದ್ರಕ್ಕೆ) 1990ರ ದಶಕದ ಆರಂಭದಿಂದ ಕಸ ಸುರಿದು ಸುರಿದು ಅಲ್ಲೊಂದು ದ್ವೀಪವೇ ಬೆಳೆದಿದೆ. 2022ರ ಜನಗಣತಿಯ ಪ್ರಕಾರ ಸುಮಾರು 5.15 ಲಕ್ಷ ಜನರಿರುವ ಈ ದೇಶಕ್ಕೆ 2024ರಲ್ಲಿ 20 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದರು. ಅವರು ಬಿಟ್ಟು ಹೋದ ನೀರಿನ ಬಾಟಲಿಗಳು ದೋಣಿಗೆ ಏರುವುದನ್ನು ನಾನು ಬೆಳಿಗ್ಗೆ ಜೆಟ್ಟಿಯಲ್ಲಿ ನೋಡುತ್ತೇನೆ. (ಇಲ್ಲಿನ ದಿವೇಹಿ ಭಾಷೆಯಲ್ಲೂ ಅದು 'ಧೋನಿ'ಯೇ, ಬಂದ ಹೊಸದರಲ್ಲಿ ಆ ಒಂದು ಪದ ಕೇಳಿ ನನಗೆ ಊರು ನೆನಪಾಗಿತ್ತು.)

ಆದರೆ ಹಿರಿಯರ ಪ್ರಶ್ನೆಯಲ್ಲಿ ನ್ಯಾಯವಿತ್ತು. ಅವರ ಕೋಣೆಯ ಬಾಡಿಗೆ ಮೂರು ರಾತ್ರಿಗೆ 180 ಡಾಲರ್; ಹಸಿರು ತೆರಿಗೆ ಅದರ ಶೇಕಡಾ 40 ಆಯಿತು. ನೀರಿನ ಮೇಲೆ ಕಟ್ಟಿದ, ರಾತ್ರಿಗೆ 800 ಡಾಲರಿನ ವಿಲ್ಲಾದಲ್ಲಿ ಇಬ್ಬರು ಉಳಿದರೆ ತೆರಿಗೆ 24 ಡಾಲರ್, ಅಂದರೆ ಶೇಕಡಾ 3 ಮಾತ್ರ. ಪ್ರವಾಸೋದ್ಯಮದ ಜಿಎಸ್‌ಟಿ 2025ರ ಜುಲೈನಿಂದ ಶೇಕಡಾ 17 ಆಗಿದ್ದರೂ ಅದು ಬೆಲೆಗೆ ತಕ್ಕಂತೆ ಏರಿಳಿಯುತ್ತದೆ. ಹಸಿರು ತೆರಿಗೆಗೆ ತಲೆ ಎಣಿಸುವುದಷ್ಟೇ ಗೊತ್ತು. ನೀರು, ಕಸ ಎರಡೂ ತಲೆಯ ಲೆಕ್ಕದವೇ ಎಂದು ಕೆಲವರು ವಾದಿಸುತ್ತಾರೆ. ಸ್ವಂತ ಈಜುಕೊಳವಿರುವ ವಿಲ್ಲಾಕ್ಕೂ ಒಂದೇ ಬಚ್ಚಲನ್ನು ನಾಲ್ವರು ಬಳಸುವ ಕೋಣೆಗೂ ಆ ವಾದ ಸಮನಾಗಿ ಹೊಂದುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಸ್ಪೇನಿನ ಮಯೋರ್ಕಾ ಮೊದಲಾದ ಬಾಲೆಯಾರಿಕ್ ದ್ವೀಪಗಳಲ್ಲೂ ಇಂಥದೇ ತೆರಿಗೆ 2016ರಿಂದ ಇದೆ. ಅಲ್ಲಿ ಹೋಟೆಲಿನ ದರ್ಜೆ ಏರಿದಂತೆ ದರವೂ ಏರುತ್ತದೆ, 16 ವರ್ಷದೊಳಗಿನವರಿಗೆ ತೆರಿಗೆಯೇ ಇಲ್ಲ, ಚಳಿಗಾಲದಲ್ಲಿ ದರ ಬಹಳ ಕಡಿಮೆ. ಅಪ್ಪ ಅಮ್ಮ ಮಕ್ಕಳೆಲ್ಲ ಒಟ್ಟಿಗೆ ಹೊರಡುವ ನಮ್ಮಂಥವರ ಮನೆಗಳಿಗೆ ಆ ಕ್ರಮ ಹೆಚ್ಚು ಸರಿಹೊಂದುತ್ತದೆ.

ನನಗೆ ನಿಜವಾಗಿ ನೋವಾಗುವುದು ಮುಚ್ಚಿಟ್ಟ ಬೆಲೆಯಿಂದ. ಬುಕಿಂಗ್ ಪುಟದ ಮೇಲ್ಭಾಗದಲ್ಲಿ ದಪ್ಪ ಅಕ್ಷರದಲ್ಲಿ ಬಾಡಿಗೆ ಕಾಣುತ್ತದೆ. ಹಸಿರು ತೆರಿಗೆ, ಶೇಕಡಾ 10ರ ಸೇವಾ ಶುಲ್ಕ, ಜಿಎಸ್‌ಟಿ ಇವೆಲ್ಲ ಎಷ್ಟೋ ಸಲ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿರುತ್ತವೆ. ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಬಂದವರು ಕೊನೆಯ ಬೆಳಿಗ್ಗೆ, ಬೋಟಿಗೆ ಹೊತ್ತಾದಾಗ, ನನ್ನ ಮೇಜಿನ ಮುಂದೆ ನಿಂತು ಪರ್ಸ್ ಎಣಿಸುವುದನ್ನು ನೋಡಲಾಗುವುದಿಲ್ಲ.

ಆ ಹಿರಿಯರು ಹಣ ಕೊಟ್ಟ ಮೇಲೆ, ಇದು ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸಿದರು. ಪ್ರತಿ ತಿಂಗಳ 28ರೊಳಗೆ ಹಿಂದಿನ ತಿಂಗಳ ತೆರಿಗೆಯನ್ನು ಡಾಲರಿನಲ್ಲೇ ತೆರಿಗೆ ಇಲಾಖೆಗೆ ಕಟ್ಟುತ್ತೇವೆ ಎಂದೂ, ಕಸ, ಒಳಚರಂಡಿ, ದಡದ ರಕ್ಷಣೆಯಂಥ ಕೆಲಸಗಳಿಗಾಗಿ ಸರ್ಕಾರ ಇದನ್ನು ಪ್ರತ್ಯೇಕ ನಿಧಿಯಲ್ಲಿಡುತ್ತದೆ ಎಂದೂ ತಿಳಿಸಿದೆ. ಅವರು ತಲೆಯಾಡಿಸಿ, "ಮೊದಲೇ ಹೇಳಿದ್ರೆ ಬೇಜಾರಿರಲಿಲ್ಲ" ಎಂದರು.

ಅಂದಿನಿಂದ, ಊರಿನಿಂದ ಯಾರೇ ಬೆಲೆ ವಿಚಾರಿಸಿದರೂ ಎಷ್ಟು ತಲೆ, ಎಷ್ಟು ರಾತ್ರಿ, ಮಗುವಿನ ವಯಸ್ಸೆಷ್ಟು ಎಂದು ಮೊದಲು ಕೇಳುತ್ತೇನೆ. ಬಾಡಿಗೆ, ತೆರಿಗೆ, ಬೋಟಿನ ಖರ್ಚು ಕೂಡಿಸಿ ಒಂದೇ ಮೊತ್ತವನ್ನು ಬರೆದು ಕಳಿಸುತ್ತೇನೆ. ನಿರ್ಗಮನ ತೆರಿಗೆ 2024ರ ಡಿಸೆಂಬರಿನಿಂದ ಸಾಮಾನ್ಯ ದರ್ಜೆಗೆ 50 ಡಾಲರ್ ಆಗಿದೆ ಎಂದೂ, ಅದು ವಿಮಾನದ ಟಿಕೆಟ್ಟಿನಲ್ಲೇ ಸೇರಿರುತ್ತದೆ ಎಂದೂ ಕೆಳಗೊಂದು ಸಾಲು ಸೇರಿಸುತ್ತೇನೆ.