ಬರೆದಿರೋದು ಏಳಕ್ಷರ, ಕೇಳ್ಸೋದು ಒಂದೇ ತುಂಡು

ಮಡಿಕೇರೀಲಿ ಎರಡು ದಿನದಿಂದ ಬಿಡದೆ ಮಳೆ, ಕರೆಂಟೂ ಇಲ್ಲ, ಅಣ್ಣನ ಮಗಳು ಒಲೆ ಹತ್ರ ಕೂತ್ಕೊಂಡು ಪರೀಕ್ಷೆಗೆ ಫ್ರೆಂಚ್ ಓದ್ತಾ ಇದ್ಲು, ಮಾತಾಡು ಅನ್ನೋ ಕ್ರಿಯಾಪದದ ರೂಪಗಳು. ಅವರು ಮಾತಾಡ್ತಾರೆ ಅನ್ನೋದಕ್ಕೆ "ಇಲ್ ಪಾರ್ಲೆಂಟ್" ಅಂದ್ಲು. ಅಲ್ಲಮ್ಮ, ಬರೀ ಪಾರ್ಲ್ ಅಂದೆ. "ಅತ್ತೆ, ಏಳಕ್ಷರ ಬರ್ದಿದಾರಲ್ಲ, ಕೊನೇ ಇ ಎನ್ ಟಿ ಎಲ್ಲೋಯ್ತು?"

ಅವಳು ಕೇಳಿದ್ದು ಸರೀನೇ. ನಾವು ಕನ್ನಡದವ್ರು ಬರ್ದಿದ್ದನ್ನೆಲ್ಲ ಓದಿ ಅಭ್ಯಾಸ. ಫ್ರೆಂಚಲ್ಲಿ ನಾನು, ನೀನು, ಅವನು, ಅವರು ನಾಲ್ಕಕ್ಕೂ ಸೇರಿ ಮೂರು ಸ್ಪೆಲ್ಲಿಂಗು, ಆದ್ರೆ ಕಿವಿಗೆ ಬೀಳೋದು ಅದೇ ಪಾರ್ಲ್, ರ ಮಾತ್ರ ಗಂಟಲಿಂದ. ನಾವು, ನೀವು ಬಂದಾಗ ಎರಡು ತುಂಡಾಗುತ್ತೆ, ಪಾರ್-ಲೋಂ, ಪಾರ್-ಲೇ. ಲೋಂ ಅನ್ನೋವಾಗ ತುಟಿ ಮುಚ್ಚಬಾರ್ದು, ಸ್ವರಾನೇ ಮೂಗಿಂದ ಬರ್ಬೇಕು. ಕನ್ನಡದಲ್ಲಿ ಬರೆದ್ರೆ ರ್ಲೋ ಒಂದೇ ಅಕ್ಷರ, ಆದ್ರೆ ಹೇಳೋವಾಗ ತುಂಡಾಗೋದು ರ್ ಆದ್ಮೇಲೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಆಗೋದೂ ಇದಕ್ಕೇ ಅಲ್ವಾ ಅಂದಾಗ ಅವಳ ಮುಖ ಅರಳ್ತು.

ನಂಗೆ ತುಂಬಾ ಇಷ್ಟ ಆಗೋದು ಸ್ವರದಿಂದ ಶುರುವಾಗೋ ಕ್ರಿಯಾಪದಗಳು. ಪ್ರೀತಿಸು ಅನ್ನೋದಕ್ಕೆ ಎಮೇ. ಅವನು ಪ್ರೀತಿಸ್ತಾನೆ ಅನ್ನೋಕೆ ಇಲ್, ಎಮ್ ಅಂತ ಬಿಡಿಸಿ ಹೇಳಲ್ಲ, ಲಕಾರ ಮುಂದಿನ ಸ್ವರಕ್ಕೆ ಹಾರಿ ಇ-ಲೆಮ್ ಆಗುತ್ತೆ. ಅವರು ಪ್ರೀತಿಸ್ತಾರೆ ಅಂದ್ರೆ ಇಲ್-ಜ಼ೆಮ್, ಇಲ್ಲಿ ಬಹುವಚನ ಕಿವಿಗೆ ಗೊತ್ತಾಗೋದು ಆ ಜ಼ ಒಂದ್ರಿಂದಾನೇ, ಅದು ಬಿಟ್ಟೋದ್ರೆ ಒಬ್ಬನೋ ಹತ್ತು ಜನಾನೋ ತಿಳಿಯಲ್ಲ. ಇನ್ನೂ ಜೋಪಾನ ಬೇಕಾದ್ದು ಇಲ್-ಜ಼ೋಂ ಮತ್ತೆ ಇಲ್-ಸೋಂ, ಮೊದಲ್ನೇದು ಅವರ ಹತ್ರ ಏನೋ ಇದೆ ಅಂತ, ಎರಡನೇದು ಅವರು ಹೀಗಿದಾರೆ ಅಂತ.

"ಇದು ಸಂಧಿ ತರಾನೇ ಇದೆ!" ಅಂದ್ಲು. ಹೌದು ಮತ್ತೆ. ಮನೆಗೆ ಅನ್ನು ಸೇರ್ದಾಗ ನಡುವೆ ಯಕಾರ ಬಂದು ಮನೆಯನ್ನು ಆಗಲ್ವಾ, ಹಂಗೇ ಅವನು ಹೋಗ್ತಾನಾ ಅಂತ ಕೇಳೋವಾಗ ವಾ, ಇಲ್ ಎರಡ್ರ ನಡುವೆ ಒಂದು ತಕಾರ ಬಂದು ವಾ-ತಿಲ್. ಎರಡು ಸ್ವರ ಗುದ್ದಾಡೋದು ಅವ್ರಿಗೂ ಇಷ್ಟ ಇಲ್ಲ.

ಆಮೇಲೆ ಪುಸ್ತಕ ಮುಚ್ಚಿಸಿ ನಾನೇ ಹೇಳ್ದೆ, ಅವಳು ತುಂಡಿಗೊಂದು ಚಪ್ಪಾಳೆ ತಟ್ಟಿದ್ಲು. ಅವರು ಮಾತಾಡ್ತಿದ್ರು ಅನ್ನೋ ಒಂಬತ್ತಕ್ಷರದ ರೂಪಕ್ಕೆ ಪಾರ್-ಲೆ, ಎರಡೇ ಚಪ್ಪಾಳೆ. ಮುಗಿಸ್ತಾರೆ ಅನ್ನೋದಕ್ಕೆ ಫಿ-ನಿಸ್, ಮತ್ತೆ ಎರಡು. ಮುಗಿಸ್ತೀವಿ ಅಂದಾಗ ಫಿ-ನಿ-ಸೋಂ, ಮೂರು ತಟ್ಟಿದ್ಲು, ನಾನು ಹೇಳ್ಕೊಡೋ ಮುಂಚೇನೇ.