ಆಷಾಢದ ಬಿಡುವು, ಬಾಡಿಗೆಯ ಕ್ಯಾಮೆರಾ, ಒಂದು ಸ್ಟಾಪ್‌ನ ವಾದ

ತುಮಕೂರು
14 ಜುಲೈ 2024, ಭಾನುವಾರ

ಆಷಾಢದಲ್ಲಿ ಮದುವೆಗಳಿಲ್ಲವಾದ್ದರಿಂದ ಮದುವೆ ಚಿತ್ರ ತೆಗೆಯುವ ಸ್ಟುಡಿಯೊದ ಅಣ್ಣನಿಗೆ ಬಿಡುವು ಸಿಕ್ಕಿದೆ. ಆ ಬಿಡುವಿನಲ್ಲಿ ಅವರು ಬೆಂಗಳೂರಿನಿಂದ ನಿಕಾನ್ ಝಡ್ ಸಿಕ್ಸ್ ತ್ರೀ ಕ್ಯಾಮೆರಾವನ್ನು ಬಾಡಿಗೆಗೆ ತಂದಿದ್ದಾರೆ. ಕಳೆದ ತಿಂಗಳು 17ರಂದು ಕಂಪನಿ ಅದನ್ನು ಘೋಷಿಸಿದಾಗಿನಿಂದ ನಮ್ಮ ಬಳಗದಲ್ಲಿ ಬೇರೆ ಮಾತೇ ಇಲ್ಲ. ವೃತ್ತಿಪರ ವಿಮರ್ಶಕರು ಹೇಳಿದ್ದನ್ನು ಒಬ್ಬರು ತಂದು ಒಪ್ಪಿಸುವುದು, ಮತ್ತೊಬ್ಬರು ಅದನ್ನು ಅಲ್ಲಗಳೆಯುವುದು, ಹೀಗೆ ಫೋನಿನಲ್ಲಿ ಸಾಗಿದ್ದ ವಾದ ಇಂದು ಸಂಜೆ ಬಿ.ಎಚ್. ರಸ್ತೆಯ ಸ್ಟುಡಿಯೊದಲ್ಲಿ ಎದುರುಬದುರು ನಡೆಯಿತು. ಊಟ ಮುಗಿಸಿ ಕುಳಿತರೂ ಅದು ತಲೆಯಿಂದ ಇಳಿಯುತ್ತಿಲ್ಲ.

ವಾದಕ್ಕೆ ಮೂಲವಾದದ್ದು ಒಂದೇ ಒಂದು ಅಂಶ. ಈ ಕ್ಯಾಮೆರಾದ 24.5 ಮೆಗಾಪಿಕ್ಸೆಲ್ ಸೆನ್ಸರ್ ಭಾಗಶಃ ಸ್ಟ್ಯಾಕ್ಡ್ ಮಾದರಿಯದು. ಫುಲ್ ಫ್ರೇಮ್, ಅಂದರೆ ಹಳೆಯ 35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರಿನ ಕ್ಯಾಮೆರಾಗಳಲ್ಲಿ ಇಂಥದ್ದು ಇದೇ ಮೊದಲು. ಚಿತ್ರದ ಮಾಹಿತಿಯನ್ನು ಓದಿ ಹೊರಗೆ ಕಳಿಸುವ ವೇಗದ ಸರ್ಕಿಟ್‌ಗಳನ್ನು ಸೆನ್ಸರಿನ ಮೇಲಿನ ಮತ್ತು ಕೆಳಗಿನ ಅಂಚುಗಳಲ್ಲಿ ಪದರವಾಗಿ ಕೂರಿಸಿದ್ದಾರೆ. ಇದರಿಂದ ಓದುವ ವೇಗ ಹಿಂದಿನ ಮಾದರಿಯಾದ ಝಡ್ ಸಿಕ್ಸ್ ಟೂಗಿಂತ ಮೂರೂವರೆ ಪಟ್ಟು ಹೆಚ್ಚಿದೆ ಎಂದು ಕಂಪನಿ ಹೇಳುತ್ತದೆ. ಎಲೆಕ್ಟ್ರಾನಿಕ್ ಷಟರಿನಲ್ಲಿ ಸೆನ್ಸರ್ ಸಾಲುಸಾಲಾಗಿ ಓದುತ್ತಾ ಹೋಗುವುದರಿಂದ, ಅದು ನಿಧಾನವಾದಷ್ಟೂ ಓಡುವ ಪ್ರಾಣಿಯ ಕಾಲು ಓರೆಯಾಗಿ ಮೂಡುತ್ತದೆ, ಎಲ್‌ಇಡಿ ದೀಪದ ಕೆಳಗೆ ತೆಗೆದ ಚಿತ್ರದಲ್ಲಿ ಅಡ್ಡ ಪಟ್ಟೆಗಳು ಬೀಳುತ್ತವೆ. ಆ ತೊಂದರೆ ಇಲ್ಲಿ ಬಹಳ ತಗ್ಗಿದೆ. ಆದರೆ ಈ ವೇಗಕ್ಕೆ ತೆತ್ತ ಬೆಲೆ ಕಡಿಮೆ ಐಎಸ್‌ಒದ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆಯ ಅಳತೆ) ನೆರಳುಗಳಲ್ಲಿ ಕಾಣಿಸಿಕೊಂಡಿದೆ. ನೂರಾರು ಕ್ಯಾಮೆರಾಗಳನ್ನು ಒಂದೇ ಕ್ರಮದಲ್ಲಿ ಅಳೆದು ಫೋಟಾನ್ಸ್ ಟು ಫೋಟೋಸ್ ಎಂಬ ಹೆಸರಿನಲ್ಲಿ ಪ್ರಕಟಿಸುವ ಬಿಲ್ ಕ್ಲಾಫ್ ಅವರ ನಕ್ಷೆಯಲ್ಲಿ, ಐಎಸ್‌ಒ 100ರಲ್ಲಿ ಹೊಸ ಕ್ಯಾಮೆರಾದ ಡೈನಾಮಿಕ್ ರೇಂಜ್, ಅಂದರೆ ನೆರಳಿನಿಂದ ಹೊಳಪಿನವರೆಗೆ ಒಂದೇ ಚಿತ್ರದಲ್ಲಿ ಹಿಡಿಯಬಲ್ಲ ಹರವು, ಹಳೆಯದಕ್ಕಿಂತ ಒಂದು ಸ್ಟಾಪ್‌ನ (ಬೆಳಕು ಇಮ್ಮಡಿಯಾಗುವ ಒಂದು ಮೆಟ್ಟಿಲು) ಹತ್ತಿರದಷ್ಟು ಕೆಳಗಿದೆ. ಐಎಸ್‌ಒ 800 ತಲುಪುವ ಹೊತ್ತಿಗೆ ಎರಡು ಗೆರೆಗಳೂ ಹೆಚ್ಚುಕಡಿಮೆ ಕೂಡಿಕೊಳ್ಳುತ್ತವೆ.

ವಿಮರ್ಶಕರಲ್ಲಿ ಹಲವರು ಇದನ್ನು ಮುಚ್ಚಿಟ್ಟಿಲ್ಲ. ಮುಚ್ಚಿಡದಿದ್ದರೂ ಅದರ ಬೆನ್ನಿಗೇ ಒಂದು ಸಮಾಧಾನದ ಮಾತನ್ನು ಸೇರಿಸುತ್ತಾರೆ: ದಿನನಿತ್ಯದ ಬಳಕೆಯಲ್ಲಿ ಇದು ಗೊತ್ತಾಗುವುದಿಲ್ಲ, ಎಂದು. ನನ್ನನ್ನು ಇಷ್ಟು ಹೊತ್ತು ಎಚ್ಚರವಾಗಿಟ್ಟಿರುವುದು ಈ ಮಾತು. ಯಾರ ದಿನನಿತ್ಯ?

ಬೆಳಿಗ್ಗೆ ಮಧುಗಿರಿ ದಾಟಿ, ಪುರವರದ ಮೇಲೆ ಮೈದನಹಳ್ಳಿಗೆ ಹೋಗಿದ್ದೆವು. ಜಯಮಂಗಲಿ ಕೃಷ್ಣಮೃಗ ಮೀಸಲಿನಲ್ಲಿ ಆಷಾಢದ ಗಾಳಿ ಹುಲ್ಲನ್ನು ಒಂದೇ ದಿಕ್ಕಿಗೆ ಮಲಗಿಸುತ್ತಿತ್ತು. ಎಂಟು ಗಂಟೆಯವರೆಗೆ ಮೋಡ, ಆಮೇಲೆ ಇದ್ದಕ್ಕಿದ್ದಂತೆ ಬಿಸಿಲು. ಆ ಬಿಸಿಲಿನಲ್ಲಿ ಪ್ರಾಯದ ಗಂಡೊಂದು ಹಿಂಡಿನಿಂದ ಹೊರಗೆ ಬಂದು ನಮಗೆ ಅಡ್ಡಲಾಗಿ ನಿಂತಿತು. ಬೆನ್ನು ಕಪ್ಪು, ಹೊಟ್ಟೆ ಮತ್ತು ಕಾಲಿನ ಒಳಭಾಗ ಅಚ್ಚ ಬಿಳುಪು, ಕಣ್ಣಿನ ಸುತ್ತ ಬಿಳಿಯ ಉಂಗುರ. ಸೆನ್ಸರಿನ ನೆರಳು ಮತ್ತು ಹೊಳಪಿನ ಸಾಮರ್ಥ್ಯವನ್ನು ಪರೀಕ್ಷಿಸಲು ವಿಮರ್ಶಕರು ಕೋಣೆಯೊಳಗೆ ಬಣ್ಣದ ಪಟ್ಟಿಗಳನ್ನೂ ಉಣ್ಣೆಯ ಉಂಡೆಗಳನ್ನೂ ಜೋಡಿಸಿಡುತ್ತಾರೆ; ನಮ್ಮ ಜಿಲ್ಲೆಯಲ್ಲಿ ಆ ಪರೀಕ್ಷೆ ನಾಲ್ಕು ಕಾಲಿನ ಮೇಲೆ ಓಡಾಡುತ್ತದೆ. ಹೊಟ್ಟೆಯ ಬಿಳುಪು ಸುಟ್ಟುಹೋಗಬಾರದೆಂದು ಎಕ್ಸ್‌ಪೋಷರ್ (ಚಿತ್ರಕ್ಕೆ ಬಿಡುವ ಬೆಳಕು) ಇಳಿಸಿದರೆ ಬೆನ್ನಿನ ರೋಮ ಕತ್ತಲಿಗೆ ಹೋಗುತ್ತದೆ. ಅಣ್ಣ ಐಎಸ್‌ಒ 400ರಲ್ಲಿ, ಹೊಟ್ಟೆಯ ಬಿಳುಪಿಗೆ ಹೊಂದಿಸಿಯೇ ತೆಗೆದರು.

ಫೋಕಸ್ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಕ್ಯಾಮೆರಾ ಗುರುತಿಸುವ ಪ್ರಾಣಿಗಳ ಪಟ್ಟಿಯಲ್ಲಿ ನಾಯಿ, ಬೆಕ್ಕು, ಪಕ್ಷಿ ಇವೆ. ನಾನು ನೋಡಿದ ವಿಮರ್ಶೆಗಳಲ್ಲಿ ವನ್ಯಜೀವಿ ಎಂಬ ತಲೆಬರಹದ ಕೆಳಗೆ ಉದ್ಯಾನದಲ್ಲಿ ಚೆಂಡಿನ ಹಿಂದೆ ಓಡುವ ನಾಯಿಯೇ ಹೆಚ್ಚು. ನಮ್ಮ ಗಂಡು ತಲೆ ತಿರುಗಿಸಿ ನಮ್ಮನ್ನು ನೋಡಿದಾಗ ಫೋಕಸ್ ಚೌಕ ನೇರವಾಗಿ ಕಣ್ಣಿಗೆ ಹೋಗಿ ಕೂತಿತು. ಅದು ಹಿಂಡಿನೊಳಗೆ ಸೇರಿಕೊಂಡ ಮೇಲೆ ಮುಂದಿನ ಹೆಣ್ಣಿನ ಮೇಲೆ, ಹಿಂದಿನ ಮರಿಯ ಮೇಲೆ ಹಾರತೊಡಗಿತು. ಇದನ್ನು ದೋಷವೆಂದು ನಾನು ಹೇಳುತ್ತಿಲ್ಲ. ನಾಯಿಯ ಮೇಲೆ ಮಾಡಿದ ಪರೀಕ್ಷೆಯಿಂದ ಕೃಷ್ಣಮೃಗದ ಹಿಂಡಿನ ಬಗ್ಗೆ ತೀರ್ಪು ಕೊಡಲಾಗದು ಎಂದಷ್ಟೇ ಹೇಳುತ್ತಿದ್ದೇನೆ. ಬದಲಿಗೆ, ವಿಮರ್ಶಕರು ಒಂದೇ ಸಾಲಿನಲ್ಲಿ ದಾಟಿಬಿಟ್ಟ ವ್ಯೂಫೈಂಡರ್ ನನ್ನನ್ನು ಅಲ್ಲಿಯೇ ಗೆದ್ದುಕೊಂಡಿತು. 57.6 ಲಕ್ಷ ಚುಕ್ಕೆಗಳು, 4000 ನಿಟ್ಸ್ ಹೊಳಪು ಎಂದು ಕಂಪನಿ ಹೇಳುವುದನ್ನು ಓದಿದಾಗ ಏನೂ ಅನ್ನಿಸಿರಲಿಲ್ಲ. ಬಯಲಿನ ಬಿಸಿಲಿನಿಂದ ಕಣ್ಣನ್ನು ತಂದು ಅದರಲ್ಲಿಟ್ಟಾಗ ಗಂಡಿನ ಕೊಂಬಿನ ಉಂಗುರಗಳು ಒಂದೊಂದಾಗಿ ಕಂಡವು. ಎಷ್ಟೋ ಎಲೆಕ್ಟ್ರಾನಿಕ್ ವ್ಯೂಫೈಂಡರುಗಳಲ್ಲಿ ಹೀಗೆ ಇಣುಕಿದಾಗ ಮೊದಲ ಕ್ಷಣ ಮಬ್ಬೇ ಕಾಣುತ್ತದೆ.

ನಮ್ಮ ಜೊತೆ ಬಂದಿದ್ದ ಬಳಗದ ಮೇಷ್ಟ್ರು ಕಾದದ್ದು ಕೃಷ್ಣಮೃಗದ ಜಿಗಿತಕ್ಕೆ. ಷಟರ್ ಒತ್ತುವ ಮೊದಲಿನ ಒಂದು ಸೆಕೆಂಡನ್ನು ಉಳಿಸಿಕೊಡುವ ಸೌಲಭ್ಯ ಇದರಲ್ಲಿದೆ, ಆದರೆ ಜೆಪೆಗ್‌ನಲ್ಲಿ ಮಾತ್ರ. ರಾದಲ್ಲಿ (ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಉಳಿಸುವ ಕಡತ) ಇಲ್ಲವೆಂಬುದನ್ನು ವಿಮರ್ಶಕರು ಕೊರತೆಯ ಪಟ್ಟಿಗೆ ಸೇರಿಸಿದ್ದಾರೆ, ಅದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಕಪ್ಪು ಬೆನ್ನು, ಬಿಳಿ ಹೊಟ್ಟೆಯ ಪ್ರಾಣಿ ಗಾಳಿಯಲ್ಲಿರುವ ಆ ಒಂದು ಕ್ಷಣದಲ್ಲಿ ನೆರಳನ್ನು ಮೇಲೆತ್ತಲು ರಾ ಬೇಕೇ ಬೇಕು.

ಸಂಜೆ ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವ ಎನ್‌ಎಕ್ಸ್ ಸ್ಟುಡಿಯೊ ತಂತ್ರಾಂಶ ತೆರೆದು ಆ ಗಂಡಿನ ಬೆನ್ನನ್ನು ಮೂರು ಸ್ಟಾಪ್‌ನಷ್ಟು ಮೇಲಕ್ಕೆತ್ತಿದೆವು. ಚಿತ್ರವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿದಾಗ ರೋಮದ ಎಳೆಗಳ ನಡುವೆ ಸಣ್ಣ ಮರಳನ್ನು ಉದುರಿಸಿದಂತೆ ಕಾಣಿಸಿತು. ಹೋದ ವರ್ಷ ಇದೇ ಬಯಲಿನಲ್ಲಿ ಅಣ್ಣ ಝಡ್ ಸಿಕ್ಸ್ ಟೂನಲ್ಲಿ ತೆಗೆದಿದ್ದ ಚಿತ್ರವನ್ನು ಪಕ್ಕದಲ್ಲಿಟ್ಟು ಅಷ್ಟೇ ಎತ್ತಿದಾಗ ಆ ಮರಳು ಕಡಿಮೆಯಿತ್ತು. ಅಂದರೆ ಅಳತೆ ಸುಳ್ಳಲ್ಲ. ಆಮೇಲೆ ಅಣ್ಣ ಎರಡನ್ನೂ 12x18 ಇಂಚಿನ ಅಳತೆಗೆ ಪ್ರಿಂಟ್ ಹಾಕಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದರು. ಯಾವುದು ಯಾವುದೆಂದು ಮೇಷ್ಟ್ರಿಗೆ ಹೇಳಲಾಗಲಿಲ್ಲ, ನನಗೂ ಆಗಲಿಲ್ಲ.

"ನೋಡಿದಿರಾ ಸಾರ್, ಇಷ್ಟಕ್ಕೆ ಇಷ್ಟು ಕೂಗಾಟ" ಎಂದರು ಅಣ್ಣ. ಅವರ ಮಾತಿಗೆ ಅವರ ಕೆಲಸದ ಆಧಾರವಿದೆ. ಛತ್ರದೊಳಗೆ ಅವರು ಐಎಸ್‌ಒ 1600ಕ್ಕಿಂತ ಕೆಳಗೆ ಇಳಿಯುವುದು ಅಪರೂಪ, ಇಳಿದರೂ ಫ್ಲ್ಯಾಶ್ ಇರುತ್ತದೆ. ಧಾರೆಯ ಹೊತ್ತಿನಲ್ಲಿ ಪುರೋಹಿತರ ಮಂತ್ರದ ನಡುವೆ ಸದ್ದು ಬಾರದಂತೆ ಎಲೆಕ್ಟ್ರಾನಿಕ್ ಷಟರಿನಲ್ಲಿ ತೆಗೆಯಬೇಕು, ಹಾಗೆ ತೆಗೆದಾಗ ಮಂಟಪದ ಎಲ್‌ಇಡಿ ಸಾಲುಗಳು ವಧುವಿನ ಮುಖದ ಮೇಲೆ ಪಟ್ಟೆ ಎಳೆಯಬಾರದು. ಈ ಒಂದು ಕಾರಣಕ್ಕೆ ಅವರು ವೇಗದ ಸೆನ್ಸರನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಅವರಿಗಿರುವ ಅಸಮಾಧಾನವೇ ಬೇರೆ: ಎರಡು ಕಾರ್ಡುಗಳ ಜಾಗ ಇದ್ದರೂ ಒಂದು ವೇಗದ ಸಿಎಫ್‌ಎಕ್ಸ್‌ಪ್ರೆಸ್, ಮತ್ತೊಂದು ಎಸ್‌ಡಿ; ಎರಡಕ್ಕೂ ಒಟ್ಟಿಗೆ ಬರೆದರೆ ನಿಧಾನವಾದ ಎಸ್‌ಡಿ ಕಾರ್ಡಿನ ವೇಗಕ್ಕೇ ಎಲ್ಲವೂ ಕಟ್ಟುಬೀಳುತ್ತದೆ. ಮದುವೆ ತೆಗೆಯುವವರು ಎರಡು ಪ್ರತಿ ಇಲ್ಲದೆ ಕೆಲಸ ಮಾಡುವುದಿಲ್ಲ.

ಆದರೆ ಮೂಲೆಯಲ್ಲಿ ಕುಳಿತಿದ್ದ ಹುಡುಗ ಇಷ್ಟು ಹೊತ್ತೂ ಮಾತಾಡಿರಲಿಲ್ಲ. ಅವನು ನಮ್ಮ ಬೀದಿಯವನೇ, ಇಂಜಿನಿಯರಿಂಗ್ ಕೊನೆಯ ವರ್ಷ. ಮನೆಪಾಠ ಹೇಳಿ ಕೂಡಿಟ್ಟ ಹಣ, ಅಪ್ಪ ಕೊಡುತ್ತೇನೆಂದ ಹಣ ಎರಡೂ ಸೇರಿದರೆ ಈ ಕ್ಯಾಮೆರಾ ಕೊಳ್ಳಬಲ್ಲ. "ಅಂಕಲ್, ನಾನು ಮದುವೆ ತೆಗೆಯಲ್ಲ, ಜಿಂಕೆನೂ ತೆಗೆಯಲ್ಲ. ನನಗೆ ಹೇಳಿ" ಎಂದ.

ಅವನು ತೆಗೆಯುವುದು ಬೆಟ್ಟಗಳನ್ನು. ದೇವರಾಯನದುರ್ಗದ ಮೇಲೆ, ಸಿದ್ದರಬೆಟ್ಟದ ಮೇಲೆ, ಮಧುಗಿರಿಯ ಏಕಶಿಲಾ ಕೋಟೆಯ ಎದುರು, ಸೂರ್ಯ ಹುಟ್ಟುವ ಹೊತ್ತಿನಲ್ಲಿ. ಆಕಾಶ ಉರಿಯುತ್ತಿರುತ್ತದೆ, ಬಂಡೆಯ ಈಚೆಯ ಮುಖ ಕತ್ತಲಲ್ಲಿರುತ್ತದೆ. ಐಎಸ್‌ಒ 100, ಟ್ರೈಪಾಡ್, ಆಕಾಶಕ್ಕೆ ಹೊಂದಿಸಿದ ಎಕ್ಸ್‌ಪೋಷರ್, ಆಮೇಲೆ ಬಂಡೆಯನ್ನು ನಾಲ್ಕು ಸ್ಟಾಪ್ ಮೇಲೆತ್ತುವುದು. ಅವನ ಗೋಡೆಯ ಮೇಲಿರುವ ಪ್ರಿಂಟ್‌ಗಳು 12x18 ಅಲ್ಲ, ನಾಲ್ಕಡಿ ಅಗಲದವು. ಐಎಸ್‌ಒ 100 ಇರುವ ಆ ನಕ್ಷೆಯ ಎಡತುದಿಯಲ್ಲಿ, ಎಲ್ಲರೂ ಮುಖ್ಯವಲ್ಲವೆಂದು ಬಿಟ್ಟುಬಿಡುತ್ತಿರುವ ಜಾಗದಲ್ಲಿ, ಈ ಹುಡುಗನ ಇಡೀ ಕೆಲಸ ನಿಂತಿದೆ. ದಿನನಿತ್ಯದಲ್ಲಿ ಗೊತ್ತಾಗುವುದಿಲ್ಲ ಎಂಬ ಮಾತು ಅಣ್ಣನಿಗೆ ನಿಜ, ಮೇಷ್ಟ್ರಿಗೆ ಮುಕ್ಕಾಲು ನಿಜ, ಇವನಿಗೆ ನಿಜವಲ್ಲ.

ಮೇಷ್ಟ್ರು ಒಪ್ಪಲಿಲ್ಲ. ಬೇರೆ ಬೇರೆ ಎಕ್ಸ್‌ಪೋಷರಿನ ಮೂರು ಚಿತ್ರ ತೆಗೆದು ಕೂಡಿಸಿದರೆ ಆಯಿತು, ವಿಮರ್ಶಕರೂ ಅದನ್ನೇ ಹೇಳಿದ್ದಾರೆ ಎಂದರು. ಹುಡುಗ ಸೌಮ್ಯವಾಗಿಯೇ ಉತ್ತರಿಸಿದ: "ಮೇಷ್ಟ್ರೇ, ಈ ಗಾಳೀಲಿ ಮರದ ಕೊಂಬೆ ಮೂರು ಚಿತ್ರದಲ್ಲಿ ಮೂರು ಕಡೆ ಇರುತ್ತೆ." ಬೆಳಿಗ್ಗೆ ಅಂಥ ಗಾಳಿಯಲ್ಲಿಯೇ ನಿಂತು ಬಂದಿದ್ದ ಮೇಷ್ಟ್ರು ಅದಕ್ಕೆ ಎದುರು ಹೇಳಲಿಲ್ಲ. ಹುಡುಗನ ಅದೊಂದು ಮಾತು ನಾನು ಓದಿದ ಎಷ್ಟೋ ಪುಟಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು ಎಂದು ನನಗೆ ಅನ್ನಿಸಿತು; ತನ್ನ ಚಿತ್ರ ಎಲ್ಲಿ ಕೆಡುತ್ತದೆ ಎಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಿದೆ.

ಇಷ್ಟಾದರೂ ವಿಮರ್ಶಕರ ಮೇಲೆ ಹರಿಹಾಯುವವರ ಗುಂಪಿಗೆ ನಾನು ಸೇರಲಾರೆ. ಕಂಪನಿಯಿಂದ ಕ್ಯಾಮೆರಾ ಪಡೆದು ಬರೆಯುವವರು, ಕಂಪನಿ ಕರೆದಲ್ಲಿಗೆ ಹೋಗುವವರು, ಓದುಗರು ಕೊಂಡಾಗ ಅದರಲ್ಲಿ ಪಾಲು ಪಡೆಯುವವರು ಅವರಲ್ಲಿ ಇದ್ದಾರೆ, ನಿಜ. ಅದನ್ನು ತಿಳಿದೇ ಓದಬೇಕು. ಆದರೆ ಈ ಒಂದು ಸ್ಟಾಪ್‌ನ ಸುದ್ದಿ ನಮ್ಮ ಸ್ಟುಡಿಯೊದವರೆಗೆ ಬಂದದ್ದು ಅಳೆಯುವವರು ಅಳೆದು ಹೇಳಿದ್ದರಿಂದಲೇ. ಫಿಲ್ ಆಸ್ಕೆ 1998ರಲ್ಲಿ ಆರಂಭಿಸಿದ ಕ್ಯಾಮೆರಾ ವಿಮರ್ಶೆಯ ಜಾಲತಾಣ ಡಿಪಿರಿವ್ಯೂ ಹೋದ ವರ್ಷದ ಮಾರ್ಚಿನಲ್ಲಿ ಮುಚ್ಚುತ್ತದೆ ಎಂದು ಪ್ರಕಟವಾದಾಗ ಮೇಷ್ಟ್ರು ಎರಡು ದಿನ ಮಂಕಾಗಿದ್ದರು. ತಮ್ಮ ನಿಕಾನ್ ಡಿ 500 ಕ್ಯಾಮೆರಾ ಕೊಳ್ಳುವ ಮೊದಲು ಅದರ ಪುಟಗಳನ್ನು ಪ್ರಿಂಟ್ ತೆಗೆಸಿ, ಪೆನ್ಸಿಲಿನಿಂದ ಗೆರೆ ಹಾಕಿ ಓದಿದವರು ಅವರು. ಜೂನಿನಲ್ಲಿ ಗೇರ್ ಪಟ್ರೋಲ್ ಎಂಬ ಸಂಸ್ಥೆ ಅದನ್ನು ಕೊಂಡುಕೊಂಡು ಉಳಿಸಿದಾಗ ನಮಗೆಲ್ಲ ಫೋನ್ ಮಾಡಿ ತಿಳಿಸಿದರು. ಅಂಥ ಕೆಲಸ ನಿಂತುಹೋದರೆ ನಮಗೆ ಉಳಿಯುವುದು ಕಂಪನಿಯ ಜಾಹೀರಾತು ಮತ್ತು ಅಂಗಡಿಯವರ ಮಾತು.

ನಾನು ಕೇಳುವುದಿಷ್ಟೇ: ಅಳತೆಯನ್ನು ಕೊಡಿ, ಅದು ಯಾರಿಗೆ ತಟ್ಟುತ್ತದೆ, ಯಾರಿಗೆ ತಟ್ಟುವುದಿಲ್ಲ ಎಂಬುದನ್ನೂ ಬಿಡಿಸಿ ಬರೆಯಿರಿ. ಹಗಲಿನ ಬೆಟ್ಟಕ್ಕೆ ಹೀಗೆ, ರಾತ್ರಿಯ ಛತ್ರಕ್ಕೆ ಹೀಗೆ ಎಂದು ಎರಡು ಸಾಲು ಹೆಚ್ಚು ಬರೆದರೆ ಸಾಕು. ನಮ್ಮ ಹವ್ಯಾಸಿಗಳೂ ಕೂಗಾಡುವ ಮೊದಲು ತಾವೇ ಒಂದು ಕೆಲಸ ಮಾಡಬಹುದು. ತಮ್ಮ ಒಳ್ಳೆಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಐಎಸ್‌ಒ ಪ್ರಕಾರ ಬೇರ್ಪಡಿಸಿ ನೋಡಿದರೆ ತಾವು ಆ ನಕ್ಷೆಯ ಯಾವ ತುದಿಯಲ್ಲಿದ್ದೇವೆಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಹುಡುಗನಿಗೆ ಹಾಗೆ ಮಾಡಲು ಹೇಳಿ ಕಳಿಸಿದ್ದೇನೆ, ಅವನ ಉತ್ತರ ನನಗೆ ಈಗಲೇ ಗೊತ್ತಿದ್ದರೂ. ಬಳಸಿದ ಝಡ್ ಸಿಕ್ಸ್ ಟೂ ಒಂದನ್ನು ಕೊಂಡು, ಉಳಿದ ಹಣದಲ್ಲಿ ಒಳ್ಳೆಯ ವೈಡ್ ಲೆನ್ಸ್ ತೆಗೆದುಕೋ ಎಂದು ಹೇಳುವ ಮನಸ್ಸಿದೆ. ಆದರೆ ಅವನ ಕೈ ಸಂಜೆಯೆಲ್ಲ ಹೊಸ ಕ್ಯಾಮೆರಾದ ಮೇಲೆಯೇ ಇತ್ತು, ಇಪ್ಪತ್ತೊಂದರ ವಯಸ್ಸಿಗೆ ಹಳೆಯದನ್ನು ಕೊಳ್ಳು ಎಂದು ಹೇಳುವುದು ನನಗೆ ಸುಲಭವಾಗಿ ಕಾಣುತ್ತಿಲ್ಲ.

ಮೇಷ್ಟ್ರ ವಿಷಯ ಇನ್ನೂ ಉಳಿದಿದೆ. ಅವರ ಬಳಿ ಇರುವುದು 2015ರಲ್ಲಿ ಬಂದ, ದೂರದ್ದನ್ನು ಹತ್ತಿರ ತರುವ 200-500 ಮಿ.ಮೀ. ಲೆನ್ಸ್. ಅದನ್ನು, ಹಳೆಯ ಲೆನ್ಸ್‌ಗಳನ್ನು ಹೊಸ ಕ್ಯಾಮೆರಾಕ್ಕೆ ಜೋಡಿಸುವ ಎಫ್‌ಟಿಝಡ್ ಅಡಾಪ್ಟರಿನ ಮೂಲಕ ಈ ಕ್ಯಾಮೆರಾಕ್ಕೆ ಹಾಕಿದರೆ ಓಡುವ ಗಂಡು ಕೃಷ್ಣಮೃಗವನ್ನು ಫೋಕಸ್‌ನಲ್ಲಿ ಹಿಡಿಯುತ್ತದೆಯೇ ಎಂಬುದು ಅವರ ಪ್ರಶ್ನೆ. ಹೊಸ ಕ್ಯಾಮೆರಾಕ್ಕೆ ಹೊಸ ಲೆನ್ಸನ್ನೇ ಹಾಕಿ ಪರೀಕ್ಷಿಸಿದ ವಿಮರ್ಶೆಗಳೇ ನನಗೆ ಸಿಕ್ಕಿವೆ, ಆದರೆ ನಮ್ಮಲ್ಲಿ ಹತ್ತರಲ್ಲಿ ಎಂಟು ಮಂದಿ ಕ್ಯಾಮೆರಾ ಬದಲಿಸಿದರೂ ಲೆನ್ಸ್ ಬದಲಿಸುವಷ್ಟು ಅನುಕೂಲವುಳ್ಳವರಲ್ಲ. ಇಂದು ಅಡಾಪ್ಟರ್ ಇರಲಿಲ್ಲ. ಅಣ್ಣ ಶಿರಾದ ಒಬ್ಬರ ಬಳಿ ಕೇಳಿದ್ದಾರೆ, ಬಾಡಿಗೆಯ ಅವಧಿ ನಾಳೆ ಸಂಜೆಗೆ ಮುಗಿಯುತ್ತದೆ. ಬೆಳಿಗ್ಗೆ ಆರರೊಳಗೆ ಅಡಾಪ್ಟರ್ ಕೈಗೆ ಬಂದರೆ ಮತ್ತೆ ಮೈದನಹಳ್ಳಿಗೆ ಹೋಗಬಹುದು, ಬಾರದಿದ್ದರೆ ಇಲ್ಲ.